ಎದೆಗೆ ಹಚ್ಚಿಕೊಂಡ ಮಗಳು

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನದು. ಗಂಡನಾದವನಿಗೆ ಅಲ್ಲೇನೂ ಕೆಲಸವಿಲ್ಲ. ಯಾರಾದರೂ ಸಕ್ಕರೆ ತಂದು ಕೂಸು ಹುಟ್ಟಿದ ಸುದ್ದಿ ಹೇಳಿದರೆ ಕೇಳಬೇಕು, ತೊಟ್ಟಿಲಿಗೆ ಹಾಕುವ ದಿನ ಹೋಗಿ ದೂರದಿಂದ ಕೂಸಿನ ಮುಖ ನೋಡಬೇಕು, ಅಷ್ಟೇ. ನಮ್ಮಪ್ಪ ನನ್ನನ್ನು ಎತ್ತಿಕೊಂಡದ್ದು ನನಗೆ ಹಲ್ಲು ಬಂದ ಮೇಲಂತೆ. ಅವ್ವ ಹೇಳುತ್ತಿದ್ದಳು.

ಯುದ್ಧದ ಕಾಲ. ಒಂದು ಮುಂಜಾನೆ ಹಾನಗಲ್ಲ ಕಡೆಯ ನಮ್ಮೂರಿಗೆ ಮಾವನ ಮನೆಯ ಆಳು ಬಂದ. ಶಿಗ್ಗಾಂವ ಹತ್ತಿರದ ತವರಲ್ಲಿದ್ದ ನನ್ನ ಹೆಂಡತಿ ಹಿಂದಿನ ದಿನದಿಂದ ಹೆರಿಗೆಯ ಬ್ಯಾನಿ ತಿನ್ನುತ್ತಿದ್ದಳು. ಸೂಲಗಿತ್ತಿ ಕೈಚೆಲ್ಲಿದ ಮೇಲೆ ಗಾಡಿ ಹೂಡಿ ಸವಣೂರಿನ ದವಾಖಾನೆಗೆ ಒಯ್ದಿದ್ದರು. ಸೈಕಲ್ ಕಡ ತಂದು ತುಳಿದೆ. ಮುಟ್ಟಿದಾಗ ಹೊತ್ತು ನೆತ್ತಿ ದಾಟಿತ್ತು.

ಕಟ್ಟೆಯ ಮೇಲೆ ಕೂತಿದ್ದ ಅತ್ತೆ ನನ್ನನ್ನು ನೋಡಿದ್ದೇ, "ಮೊದಲ ಮೈಮ್ಯಾಲಿನ ಗಂಟೆಲ್ಲಾ ಬಿಚ್ಚರಿ" ಎಂದರು. ಹೆರಿಗೆ ತಡವಾದರೆ ಎಲ್ಲೂ ಗಂಟಿರಬಾರದು, ಬೀಗ ಹಾಕಿರಬಾರದು ಎಂಬುದು ಹಿರಿಯರ ಮಾತು. ಮಾವ ಆಗಲೇ ಗಾಡಿಯ ಹಗ್ಗ ಬಿಚ್ಚಿಟ್ಟಿದ್ದರು. ನಾನು ರುಮಾಲು ಬಿಚ್ಚಿದೆ, ದಾರ ಕಟ್ಟುವ ಕಸಿಯಂಗಿ ಬಿಚ್ಚಿದೆ.

ಪಕ್ಕದಲ್ಲಿ ಕೂತ ಯಾವುದೋ ಮುದುಕಿ, "ಧೋತರದ ಗಂಟರ ಇರಲಿ, ತಮ್ಮಾ. ಹುಟ್ಟೂ ಕೂಸು ಅಂಜೀತು" ಎಂದಳು. ಅಷ್ಟು ದುಃಖದಲ್ಲೂ ಅತ್ತೆಯ ತುಟಿ ಅರಳಿತು.

ಒಳಗಿನಿಂದ ಬಿಳಿ ಸೀರೆಯ ನರ್ಸಬಾಯಿ ಬಂದರು. ಕ್ರಿಸ್ತಾನರ ಹೆಣ್ಣುಮಗಳು.

"ಅವ್ವಾರ, ಹೊಳ್ಳಾಡೂಮುಂದ ಕೊರಳಾಗಿನ ಲಿಂಗದ ದಾರ ಬಿಗಿಯಾಕತ್ತೈತಿ. ತಗೀಬೇಕ್ರಿ."

"ಎಲ್ಲಾ ಬಿಚ್ಚೇನಿ, ಅದೊಂದ ಬಿಚ್ಚಂಗಿಲ್ಲ. ಲಿಂಗ ಮೈ ಬಿಟ್ಟರ ಜೀವ ಬಿಟ್ಟಂಗ."

ನರ್ಸಬಾಯಿ ಸಿಟ್ಟಾಗಲಿಲ್ಲ. "ಮೈ ಬಿಡೂದ ಬ್ಯಾಡ್ರಿ. ನೀವ ಬಂದು ಅಕಿ ಮುಷ್ಟ್ಯಾಗ ಇಡ್ರಿ. ಮುಷ್ಟಿ ಬಿಚ್ಚದಂಗ ನಾ ಹಿಡಕೋತೇನಿ."

ಅತ್ತೆ ಎದ್ದು ಒಳಗೆ ಹೋದರು.

ಎಷ್ಟೋ ಹೊತ್ತಿನ ಮೇಲೆ ಅಳುವೊಂದು ಕೇಳಿಸಿತು, ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣದು. ನರ್ಸಬಾಯಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಹಿಡಿದು ನೇರ ನನ್ನ ಹತ್ತಿರ ಬಂದರು.

"ಹೆಣ್ಣು ಕೂಸ್ರಿ. ತಾಯಿಗೆ ರಗತ ನಿಂದ್ರವಲ್ದು, ನಮ್ಮ ಕೈಯೆಲ್ಲಾ ಅಲ್ಲೇ ಬೇಕು. ಕೂಸು ತಣ್ಣಗ ಐತಿ, ಎದಿಗೆ ಹಚಗೋರಿ."

"ನಾನಾ?"

"ಹೆಂಗೂ ಅಂಗಿ ಬಿಚ್ಚೀರಲ್ಲ."

"ಉಳೀತೈತೇನ್ರಿ?"

"ಹೇಳಾಕ ಬರೂದಿಲ್ರಿ. ಹಿಡಕೊಂಡು ಕುಂದರ್ರಿ."

ಕೂತೆ. ನನ್ನ ಒಂದು ಅಂಗೈ ಅವಳ ಬೆನ್ನಿಗೆಲ್ಲ ಸಾಕಾಗುತ್ತಿತ್ತು. ನಾನು ಉಸಿರು ಬಿಟ್ಟರೆ ಅವಳ ಉಸಿರು ತಪ್ಪೀತೆಂದು ಮೆಲ್ಲಗೆ ಬಿಡುತ್ತಿದ್ದೆ. ನಗಿಸಿದ್ದ ಮುದುಕಿ ತನ್ನ ಕೌದಿ ತಂದು ಇಬ್ಬರಿಗೂ ಹೊದಿಸಿದಳು.

ಬಿಸಿಲು ಕಟ್ಟೆ ಇಳಿಯುವ ಮೊದಲೇ ಎದೆಯ ಮೇಲಿನ ಆ ಸಣ್ಣ ಏರಿಳಿತ ನಿಂತಿತು. ತಿಳಿಯಿತು, ಆದರೂ ಅಲುಗಾಡಲಿಲ್ಲ.

ನರ್ಸಬಾಯಿ ಹೊರಗೆ ಬಂದು, "ತಾಯಿ ಉಳಕೊಂಡ್ಲು" ಎಂದರು. ಬಗ್ಗಿ ಕೂಸನ್ನು ಮುಟ್ಟಿ ನೋಡಿದರು. ಎತ್ತಿಕೊಳ್ಳುತ್ತಾರೆಂದು ನಾನು ಕೈ ಸಡಿಲಿಸಿದೆ.

"ಇರಲಿ. ಇನ್ನಷ್ಟು ಹೊತ್ತು ಇಟಗೋರಿ."

ಆಮೇಲೆ ಅವರೂ ನನ್ನ ಪಕ್ಕ ನೆಲದ ಮೇಲೆ ಕೂತರು. ಅವರು ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೊನೆಗೆ ಬಿಸಿನೀರು ತರಿಸಿ, ನೀರಿನ ಹದವನ್ನು ಮೊಣಕೈಯಿಂದ ನೋಡಿ, ಮಗಳ ಮೈ ತೊಳೆದು ಕೊಟ್ಟರು.

ಹೆಂಡತಿಗೆ ಎಚ್ಚರವಾಗುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದೆವು. ತಮ್ಮ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅತ್ತೆಗೆ ಕೂಸಿನ ಕಡೆ ನೋಡಲಿಕ್ಕೇ ಆಗಿರಲಿಲ್ಲ. ನರ್ಸಬಾಯಿ ನನ್ನ ಕೈಗೆ ಕೊಡದೇ ಹೋಗಿದ್ದರೆ ನಮ್ಮ ಮಗಳನ್ನು ಕಣ್ತುಂಬ ಕಂಡವರು ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ.

ಸುದ್ದಿ ಕೇಳಿದ ಹೆಂಡತಿ, "ಹೆಂಗಿತ್ರಿ?" ಎಂದಳು.

"ಹಣಿ ನಿಂದು. ತಲಿತುಂಬ ಕೂದಲ. ಎಡಗಿವಿ ತುದಿ ಒಂಚೂರು ಮಡಚಿತ್ತು."

"ಮಡಚಿದ್ದು ಹೆಂಗ?"

ನಾನು ನನ್ನ ಕಿವಿಯ ತುದಿಯನ್ನು ಬೆರಳಿಂದ ಮಡಚಿ ಅವಳತ್ತ ಬಗ್ಗಿದೆ. ಅವಳು ಕೈಚಾಚಿ ಅದನ್ನು ಮುಟ್ಟಿ ನೋಡಿದಳು.