ಕೊಂಡಿಗಳಿಗೂ ಊರು ಕೇಳಿದವರು

ಯಾರೇ ಮನೆಗೆ ಬರಲಿ, ಬಸವರಾಜಪ್ಪ ಮೇಷ್ಟ್ರು ಮೊದಲು ಕೇಳುತ್ತಿದ್ದುದು "ಯಾವೂರ್ರಿ?" ಎಂದು. ಉತ್ತರ ಸಮಾಧಾನಕರವಾಗಿದ್ದರೆ ಮಾತ್ರ ಕುರ್ಚಿಯ ಮೇಲಿದ್ದ ಪೇಪರು ಎತ್ತುತ್ತಿದ್ದರು. ಶಿರಾಳಕೊಪ್ಪದಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಲೆ ನಮ್ಮ ಇತಿಹಾಸ ಬಳಗದ ವೆಬ್‌ಸೈಟ್ ನೋಡಿಕೊಳ್ಳುವ ಭಾರ ಅವರ ಹೆಗಲಿಗೆ ಬಿತ್ತು. ಆ ಪ್ರಶ್ನೆಯೂ ಜೊತೆಗೇ ಹೋಯಿತು.

ಕಾರಣವಿಲ್ಲದೆ ಅಲ್ಲ. ಯಾರೋ ಪುಣ್ಯಾತ್ಮ ಓದುಗರ ಅಭಿಪ್ರಾಯದ ಜಾಗದಲ್ಲಿ ಒಂದು ಕೊಂಡಿ, ಅದೇ ಲಿಂಕು, ಅಂಟಿಸಿದ್ದ. ನಮ್ಮ ಅಧ್ಯಕ್ಷರು ಅದನ್ನು ಭಕ್ತಿಯಿಂದ ಒತ್ತಿದರು. ಮೂರು ದಿನ ಅವರ ಫೋನು ರಮ್ಮಿ ಆಡಲು ಕರೆಯಿತು, ಸಾವಿನ ಮನೆಯಲ್ಲೂ ಬಿಡದೆ. ಅಂದೇ ಮೇಷ್ಟ್ರು ಜರಡಿ ಕಟ್ಟಿದರು. ತಮ್ಮ ಪಟ್ಟಿಯಲ್ಲಿರುವ ತಾಣಗಳ ಕೊಂಡಿ ಮಾತ್ರ ಉಳಿಯಬೇಕು; ಮಿಕ್ಕವು ಉದುರಿ, ಬರೆದ ಮಾತಷ್ಟೇ ನಿಲ್ಲಬೇಕು.

ಉದುರಿದವುಗಳಲ್ಲಿ ನನ್ನವೇ ಹೆಚ್ಚು. ನಾನು ಬಂದಳಿಕೆಯ ಶಾಸನಗಳ ಬಗ್ಗೆ ಬರೆಯುತ್ತಿದ್ದೆ. ಅಕ್ಷರ ಸವೆದುಹೋಗುವ ಮುನ್ನ ನಾಲ್ಕು ಜನ ನೋಡಲಿ ಎಂದು ಫೋಟೊಗಳ ಕೊಂಡಿ ಕೊಟ್ಟರೆ, ಪ್ರಕಟವಾದ ಲೇಖನದಲ್ಲಿ "ಫೋಟೊಗೆ ಇಲ್ಲಿ ಒತ್ತಿ" ಎಂಬ ಮಾತು ಮಾತ್ರ ಇರುತ್ತಿತ್ತು. ಒತ್ತಿದರೆ ಗೋಡೆ ಒತ್ತಿದಂತೆ. ಎರಡು ವರ್ಷ ಪತ್ರ ಬರೆದು ಸೋತು, ಕೊನೆಗೆ ಸೊರಬದಿಂದ ಬಸ್ಸು ಹತ್ತಿ ಹೋಗಿ ಜಗಳವಾಡಿದೆ. "ಆತು, ಸೇರಿಸ್ತೀನಿ" ಎಂದರು. ಮನೆಗೆ ಬಂದು ನೋಡಿದರೆ ಅದೇ ಗೋಡೆ. ತಾಣವನ್ನೇನೋ ಸೇರಿಸಿದ್ದರು, ನನ್ನ ಫೋಟೊಗಳಿದ್ದುದು ಅದೇ ತಾಣದ ಒಂದು ಉಪವಿಳಾಸದಲ್ಲಿ; ಜರಡಿಯ ಲೆಕ್ಕದಲ್ಲಿ ಅದು ಬೇರೆಯೇ ತಾಣ.

"ಎರಡೂ ಒಂದೇ ಮನೇವಲ್ವೇನ್ರಿ ಮೇಷ್ಟ್ರೇ?" ಎಂದು ಫೋನಿನಲ್ಲಿ ರೇಗಿದೆ.

"ಅಣ್ಣ ಒಳ್ಳೇನು ಅಂತ ತಮ್ಮನ್ನೂ ನಂಬಕ್ಕಾಗುತ್ತೇನ್ರಿ? ವಿಚಾರಿಸ್ತೀನಿ, ತಡೀರಿ."

"ಇನ್ನೆಷ್ಟು ದಿನ?"

"ಎಂಟ್ನೂರು ವರ್ಷ ನಿಂತಿರೋ ಕಲ್ಲು. ಇನ್ನೊಂದು ವಾರ ನಿಂತ್ಕಳಲ್ವಾ?"

ಕಲ್ಲು ನಿಂತಿತು. ಆ ವಾರ ಮುಗಿಯುವ ಮೊದಲೇ ಮೇಷ್ಟ್ರು ಹೋಗಿಬಿಟ್ಟರು.

ಅವರ ಕೆಲಸ ವಹಿಸಿಕೊಂಡ ಕಂಪ್ಯೂಟರ್ ಅಂಗಡಿಯ ಮಹೇಶಪ್ಪನವರಿಗೆ ನನ್ನ ಅಹವಾಲು ಸಲ್ಲಿಸಿದೆ. "ಇಷ್ಟೇನಾ ಸರ್?" ಎಂದವರೇ ಇಡೀ ಪಟ್ಟಿ ಅಳಿಸಿ ಅಲ್ಲೊಂದು ನಕ್ಷತ್ರದ ಗುರುತು ಹಾಕಿದರು. ಎಲ್ಲರೂ ಬರಬಹುದು ಎಂದು ಅದರ ಅರ್ಥವಂತೆ. ನನ್ನ ಎರಡು ವರ್ಷದ ಹೋರಾಟ ಎರಡು ನಿಮಿಷದಲ್ಲಿ ಜಯಪ್ರದವಾಗಿ ಮುಗಿಯಿತು.

ಈಗ ಶಾಸನಗಳ ಫೋಟೊ ತೆರೆದುಕೊಳ್ಳುತ್ತವೆ. ಮೇಷ್ಟ್ರಿಗೆ ನಾನು ಬರೆದ ಶ್ರದ್ಧಾಂಜಲಿಯೂ ಅಲ್ಲೇ ಇದೆ. ಅದರ ಕೆಳಗೆ ಹನ್ನೊಂದು ರಮ್ಮಿ ಕೊಂಡಿಗಳು ಕಾಲು ಚಾಚಿ ಕುಳಿತಿವೆ. ಯಾವೂರು ಎಂದು ಯಾರೂ ಕೇಳಲಿಲ್ಲ.