ಮಾರೆಮ್ಮನ ಬಾಗಿಲಿಗೆ ಬಂದ ಪಾತ್ರೆ

ರಾರಾವಿಯ ದುರುಗಪ್ಪನೆಂದರೆ ಹಲಗೆ ಬಾರಿಸುವುದಕ್ಕೆ ಹೆಸರಾದವನು. ಊರಲ್ಲಿ ಯಾರ ಜೀವ ಹೋದರೂ ಸುದ್ದಿ ಹೊತ್ತು ಕುರುಗೋಡಿನ ತನಕ ನಡೆದೇ ಹೋಗುತ್ತಿದ್ದ, ಮೂರನೆಯ ದಿನಕ್ಕೆ ನಡೆದೇ ಬರುತ್ತಿದ್ದ. ಅಷ್ಟು ದೂರ ಸವೆದ ಕಾಲಿಗೆ ಊರು ಕೊಡುತ್ತಿದ್ದದ್ದು ನಿನ್ನೆಯ ರೊಟ್ಟಿ. ಅದನ್ನು ಇಸಿದುಕೊಳ್ಳುವುದಕ್ಕೂ ಒಂದು ರೀತಿಯಿತ್ತು. ಬಾಗಿಲ ಮುಂದೆ ಗಡಿಗೆಯನ್ನು ನೆಲಕ್ಕಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕು. ಮನೆಯಾಕೆ ಮೇಲಿನಿಂದ ಎಸೆದು ಒಳಗೆ ಹೋದ ಮೇಲೆಯೇ ಮುಂದೆ ಬಂದು ಎತ್ತಿಕೊಳ್ಳಬೇಕು.

ದುರುಗಪ್ಪನ ಮಗ ಕೆಂಚಣ್ಣ ಒಂದು ಮುಂಜಾನೆ ಆ ಗಡಿಗೆಯನ್ನು ಊರ ಕಟ್ಟೆಗೆ ಅಪ್ಪಳಿಸಿದ. ಯಾರಿಗೂ ಒಂದು ಮಾತೂ ಹೇಳದೆ ಹೆಂಡತಿ ಮಾರೆಮ್ಮನನ್ನು ಕರೆದುಕೊಂಡು ಸಿರುಗುಪ್ಪಕ್ಕೆ ಬಂದ. ಅಕ್ಕಿ ಗಿರಣಿಯಲ್ಲಿ ಹಮಾಲಿಗೆ ನಿಂತು ಮೂವತ್ತು ವರ್ಷ ಚೀಲ ಹೊತ್ತ. ಬಳ್ಳಾರಿಯಲ್ಲಿ ದೀಕ್ಷೆ ತೆಗೆದುಕೊಂಡು ಬಂದು ಬುದ್ಧನ ಪಟವನ್ನು ಗೋಡೆಗೆ ಹಾಕಿದ. ಸಾಯುವ ಮುಂಚೆ ಹೆಂಡತಿಗೆ ಹೇಳಿದ್ದು ಒಂದೇ ಮಾತು: "ಮಾರೀ, ನಮ್ಮನಿ ಮಂದಿ ಇನ್ನ ಯಾರ ಬಾಗಲದಾಗೂ ಗಡಿಗಿ ಹಿಡಿಬಾರ್ದು."

ಹುಲುಗೇಶ ಈ ಕೆಂಚಣ್ಣನ ಮೊಮ್ಮಗ. ತಂದೆ ಬೇಗ ತೀರಿಕೊಂಡ. ತಾಯಿ ಪಂಪಾವತಿ ಕುಡತಿನಿಯಲ್ಲಿ ಕೂಲಿಗೆ ನಿಂತು ಅಲ್ಲೇ ಉಳಿದಳು. ಹೀಗಾಗಿ ಅವನು ಬೆಳೆದದ್ದು ಅಜ್ಜಿ ಮಾರೆಮ್ಮನ ಒಲೆಯ ಮುಂದೆ, ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತ. ಬಳ್ಳಾರಿಯಲ್ಲಿ ಡಿಗ್ರಿ ಮುಗಿಸಿ, ಗಾಂಧಿನಗರದ ಜೆರಾಕ್ಸ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವನು ಕುರುಗೋಡಿನ ಧ್ಯಾನ ಶಿಬಿರಕ್ಕೆ ಹೋದ. ಅಲ್ಲಿ ಸಿಂಹಳದ ಒಬ್ಬ ವಯಸ್ಸಾದ ಭಿಕ್ಕುವಿನ ಮಾತು ಅವನ ಎದೆಗೆ ನಾಟಿತು. ಇಪ್ಪತ್ಮೂರಕ್ಕೆ ತಲೆ ಬೋಳಿಸಿಕೊಂಡು ಕಾವಿ ಉಟ್ಟ. ಈಗ ಅವನಿಗೆ ಬೇರೆ ಹೆಸರಿದೆ. ನಮ್ಮ ಓಣಿಗೆ ಮಾತ್ರ ಅವನು ಹುಲುಗೇಶನೇ.

ಕಾವಿ ಉಟ್ಟದ್ದಕ್ಕೆ ಮಾರೆಮ್ಮ ಏನೂ ಅನ್ನಲಿಲ್ಲ. ಅವನ ಹೆಗಲಿನ ಭಿಕ್ಷಾಪಾತ್ರೆ ಕಂಡದ್ದೇ ಎದ್ದು ನಿಂತಳು.

"ಲೇ, ಏನದು?"

"ಪಾತ್ರಿ, ಅಜ್ಜೀ. ಮನಿಮನಿ ಮುಂದ ನಿಂತು, ಬಿದ್ದದ್ದನ್ನ ಉಣಬೇಕು. ಬುದ್ಧನೂ ಹಂಗಾ ಮಾಡಿದ."

"ಬುದ್ಧ ಅರಸನ ಮಗ. ಅವ ಹಿಡದ್ರ ಪಾತ್ರಿ, ನಾವು ಹಿಡದ್ರ ಗಡಿಗಿ. ನಿಮ್ಮಜ್ಜ ಒಡದು ಬಂದದ್ದನ್ನ ಹುಡುಕ್ಯಾಡಿ ತಂದೀಯೇನು? ಅದು ನಿನ್ನ ಕೈಯಾಗ ಇರಮಟ ನನ್ನ ಕೂಡ ಮಾತಿಲ್ಲ."

ಆಡಿದಂತೆಯೇ ನಡೆದಳು. ಮುಂದಿನ ತಿಂಗಳು ಗುರುಗಳು ಅವನನ್ನು ಕೀನ್ಯಾ ದೇಶಕ್ಕೆ ಧರ್ಮಪ್ರಚಾರಕ್ಕೆ ಕಳಿಸಿದರು. ಹೊರಡುವ ದಿನವೂ ಆಕೆ ಒಲೆ ಬಿಟ್ಟು ಏಳಲಿಲ್ಲ.

ಅಲ್ಲಿ ಅವನಿದ್ದದ್ದು ದೊಡ್ಡ ಸರೋವರದ ದಂಡೆಯ ಒಂದು ಹಳ್ಳಿ, ತಗಡು ಹೊದಿಸಿದ ವಿಹಾರ. ನಾಲ್ಕಕ್ಕೆ ಏಳುವುದು, ಅಂಗಳ ಗುಡಿಸುವುದು, ಬೋರಿನಿಂದ ನೀರು ತರುವುದು, ಜ್ವರ ಬಂದು ಮಲಗಿದವರ ತಲೆಗೆ ಒದ್ದೆಬಟ್ಟೆ ಹಾಕುತ್ತ ಕೂರುವುದು, ಮಧ್ಯಾಹ್ನ ದರ್ಜಿಯ ಪಕ್ಕದಲ್ಲಿ ಕೂತು ಆ ಊರ ಮಾತು ಕಲಿಯುವುದು. ಧರ್ಮ ಹೇಳುವುದಕ್ಕೆ ಹೋದವನಿಗೆ ಮೊದಮೊದಲು ನೀರು ಎಲ್ಲಿದೆ ಎಂದು ಕೇಳುವಷ್ಟೇ ಮಾತು ಬಂತು. ಆ ಸೀಮೆಯದೂ ಕಪ್ಪು ಎರೆ ಮಣ್ಣು, ಅಲ್ಲೂ ಭತ್ತದ ಗದ್ದೆ. ಮೊದಲ ಮಳೆಗೆ ಆ ಮಣ್ಣು ಅಂಗಾಲಿಗೆ ಹೆಪ್ಪಾಗಿ ಹತ್ತಿದಾಗ ಸಿರುಗುಪ್ಪದ ಹೊಲದಲ್ಲಿ ನಿಂತಂತಾಗಿ, ಅಲ್ಲೇ ಬದುವಿನ ಮೇಲೆ ಕೂತು ಅತ್ತುಬಿಟ್ಟನಂತೆ.

ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದ. ಪಕ್ಕದ ಮನೆಯ ಅಂಬಮ್ಮ ಮೊಬೈಲು ಹಿಡಿದು ಮಾರೆಮ್ಮನ ಮುಂದೆ ಹೋದರೆ ಆಕೆ ಮುಖ ತಿರುವುತ್ತಿದ್ದಳು. ಆಗ ಅವನು, "ಅತ್ತೀ, ಫೋನು ಒಲಿ ಹತ್ರ ಇಟ್ಟು ಹೋಗು," ಅನ್ನುತ್ತಿದ್ದ. ಅಂಬಮ್ಮ ಇಟ್ಟು ಹೋಗುತ್ತಿದ್ದಳು. ಸಮುದ್ರದಾಚೆ ಕೂತು ಅವನು ಅಜ್ಜಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿದ್ದ. ರೊಟ್ಟಿ ಎಷ್ಟಾಯಿತು ಎಂದು ಎಣಿಸುತ್ತಿದ್ದ.

ಅಷ್ಟಿಷ್ಟು ಮಾತು ಬಂದ ಮೇಲೆ ಭಿಕ್ಷೆಗೆ ಹೋದ ಮೊದಲ ದಿನಗಳ ಸಂಗತಿಯನ್ನು ಅವನೇ ಹೇಳಿದ್ದು. ಭಿಕ್ಕು ಬಾಯಿಬಿಟ್ಟು ಕೇಳುವಂತಿಲ್ಲ, ಸುಮ್ಮನೆ ನಿಲ್ಲಬೇಕು. ಮಧ್ಯಾಹ್ನ ಹನ್ನೆರಡು ದಾಟಿದರೆ ಅಂದು ಊಟವಿಲ್ಲ. ಅಕಿನಿ ಎಂಬ ಮುದುಕಿಯ ಮನೆ ಮುಂದೆ ನಿಂತ. ಆಕೆ ಮೆಕ್ಕೆಜೋಳದ ಮುದ್ದೆ ತಂದದ್ದೇ ತಡ, ಹುಲುಗೇಶ ಪಾತ್ರೆಯನ್ನು ನೆಲಕ್ಕಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದ. ಮುದುಕಿ ಮುದ್ದೆ ಹಾಕದೆ ಒಳಗೆ ಹೋದಳು. ಮರುದಿನವೂ ಅದರ ಮರುದಿನವೂ ಹಾಗೆಯೇ ಆಯಿತು. ನಾಲ್ಕನೆಯ ದಿನ ಅವಳೇ ಬಾಯಿ ತೆರೆದಳು. ಹುಲುಗೇಶ ಹೇಳುವಾಗ ಅವಳ ಮಾತೂ ನಮ್ಮ ಸಿರುಗುಪ್ಪದ ಮಾತೇ ಆಗಿತ್ತು.

"ಯಾಕಪಾ, ನನ್ನ ಕೈಗೇನು ರೋಗ ಐತೇನು? ನಾ ಹತ್ರ ಬಂದ್ರ ಹಿಂದಕ್ಕ ಓಡ್ತಿ? ದೂರ ದೇಶದಿಂದ ಬಂದಾವ, ನಮ್ಮನ್ನ ಮುಟ್ಟಿದ್ರ ಮೈಲಿಗಿ ಅಂತೀಯೇನು?"

ಗಡಿಗೆಯನ್ನು ಅವನು ಕಣ್ಣಾರೆ ಕಂಡಿದ್ದವನೇ ಅಲ್ಲ, ಅವನು ಹುಟ್ಟುವ ಮುಂಚೆಯೇ ಅದು ಒಡೆದಿತ್ತು. ಅಜ್ಜಿಯ ಬಾಯಲ್ಲಿ ಕೇಳಿದ್ದಷ್ಟೇ. ಆದರೂ ಕಾಲು ತಾನಾಗಿ ದುರುಗಪ್ಪನಷ್ಟೇ ಹೆಜ್ಜೆ ಸರಿದಿತ್ತು. ಬಂದಷ್ಟು ಮಾತಿನಲ್ಲಿ, ಬಾರದ್ದನ್ನು ಕೈಸನ್ನೆಯಲ್ಲಿ, ಮುತ್ತಜ್ಜನ ಕತೆ ಹೇಳಿದ. ಅಕಿನಿ ಕೇಳಿ, ನೆಲದ ಮೇಲಿನ ಪಾತ್ರೆಯನ್ನೆತ್ತಿ ಹೊದ್ದ ಬಟ್ಟೆಯ ಅಂಚಿನಿಂದ ಒರೆಸಿ ಅವನ ಎರಡೂ ಕೈಗೆ ಕೊಟ್ಟಳು. ಮೈ ತಾಕುವಷ್ಟು ಹತ್ತಿರ ನಿಂತು ಮುದ್ದೆ ಹಾಕಿದಳು. "ನಿಂದ್ರು. ಓಡಿದ್ರ ಕಾಲು ಮುರೀತೀನಿ," ಅಂದಳು. ನಿಲ್ಲುವುದನ್ನು ಅವನು ಕಲಿತದ್ದು ಅಂದು. ಪಾತ್ರೆಗೆ ಬಿದ್ದದ್ದನ್ನಲ್ಲದೆ ಬೇರೆ ಉಣ್ಣೆನೆಂದು ವ್ರತ ಹಿಡಿದದ್ದೂ ಅಂದೇ.

ಐದು ವರ್ಷ ಆಕೆ ಹಾಕಿದಳು, ಜೊತೆಗೆ ಮೂದಲಿಸಿದಳು. "ದಿನಾ ನನ್ನ ಮುದ್ದಿ ತಿಂತಿ, ನಿಮ್ಮಜ್ಜಿ ರೊಟ್ಟಿ ನೆನಸ್ತಿ. ಹೋಗು, ಹೋಗಿ ಆಕಿ ಬಾಗಲದಾಗ ನಿಂದ್ರು. ನಾ ಹಾಕಿದ್ದು ನಿನ್ನ ಹೊಟ್ಟಿ ಮುಟ್ಟೈತಿ ಅಷ್ಟಾ, ಎದಿ ಮುಟ್ಟಿಲ್ಲ."

ಗುರುಗಳು ಒಂದು ತಿಂಗಳು ಊರಿಗೆ ಹೋಗಿ ಬಾ ಎಂದರು. ಹೀಗೆ ಈ ವರ್ಷ ಶ್ರಾವಣದಲ್ಲಿ ಹುಲುಗೇಶ ಸಿರುಗುಪ್ಪಕ್ಕೆ ಬಂದು, ಓಣಿಯ ಸಮುದಾಯ ಭವನದಲ್ಲಿ ಇಳಿದುಕೊಂಡ. ಮೊದಲ ದಿನ ಪಾತ್ರೆ ಹಿಡಿದು ಅಜ್ಜಿಯ ಬಾಗಿಲಿಗೆ ಬಂದಾಗ ಮಾರೆಮ್ಮ ನೋಡಿ ಕದ ಹಾಕಿದಳು. ಬೇರೆ ಯಾವ ಬಾಗಿಲಿಗೂ ಹೋಗದೆ ಹನ್ನೆರಡಕ್ಕೆ ಖಾಲಿ ಪಾತ್ರೆ ಹಿಡಿದು ಹಿಂದಿರುಗಿದ. ಎರಡನೆಯ ದಿನ ಕದ ತೆರೆದೇ ಇತ್ತು, ಆಕೆ ಹೊರಗೆ ಬರಲಿಲ್ಲ. ಅಂದೂ ನೀರು ಕುಡಿದು ಮಲಗಿದ.

ಮೂರನೆಯ ದಿನ ಹನ್ನೊಂದೂವರೆ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಹುಲುಗೇಶ ಹೊಸ್ತಿಲಿಗೆ ತಾಗಿ, ಪಾತ್ರೆಯನ್ನು ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಹಿಡಿದು ನಿಂತಿದ್ದ. ಅಂಬಮ್ಮನಿಗೆ ತಡೆಯಲಾಗಲಿಲ್ಲ.

"ಮುದುಕಿಯೂ ಹಂಗಾ, ಮೊಮ್ಮಗನೂ ಹಂಗಾ! ಮುಖ ನೋಡ್ಕೊ, ಹೆಂಗ ಬತ್ತೈತಿ. ನೀ ಕೇಳಂಗಿಲ್ಲ ಅಂದ್ರ ನಾ ಕೇಳ್ತೀನಿ ತಡಿ. ಒಳಗ ಹೋಗಿ ಮುದುಕಿ ರಟ್ಟಿ ಹಿಡದು ಎಳಕಂಡು ಬರ್ತೀನಿ."

ಒಳಗೆ ಸಪ್ಪಳ ನಿಂತಿತು.

ಹುಲುಗೇಶ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. "ಬ್ಯಾಡ ಅತ್ತೀ, ಕರಿಬ್ಯಾಡ. ಆಕಿ ತಾನಾ ಬರ್ಲಿ. ಇವತ್ತ ಹೊತ್ತು ಮೀರಿದ್ರ ನಾಳಿ ಬರ್ತೀನಿ. ನನಗೀಗ ನಿಂದ್ರಾಕ ಬರ್ತೈತಿ."