ಆರು ಗಂಟೆಗೆ ಕಟ್ಟಾಗುವ ಲೈನು

ನಾನು ಸಂಶಯದ ಮನುಷ್ಯನಲ್ಲ ಎಂದು ಬಹಳ ಕಾಲ ನಂಬಿದ್ದೆ. ತರಕಾರಿಯವನ ತಕ್ಕಡಿಯನ್ನು ದಿಟ್ಟಿಸಿ ನೋಡುವುದು, ಬೀಗ ಹಾಕಿದ ಮೇಲೆ ಅದನ್ನು ಮೂರು ಸಲ ಜಗ್ಗುವುದು, ಇವೆಲ್ಲ ಎಚ್ಚರಿಕೆ ಎಂಬ ಬೇರೆಯೇ ಗುಣಕ್ಕೆ ಸೇರಿದವು ಎಂಬುದು ನನ್ನ ವಾದವಾಗಿತ್ತು. ಆ ವಾದ ಬಿದ್ದುಹೋದದ್ದು ತಮಿಳು ಸೀಮೆಯ ಸೂಲೂರಿನಲ್ಲಿ, ಒಂದು ಹಳೆಯ ಲ್ಯಾಪ್‌ಟಾಪಿನ ಮುಂದೆ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಹಾವೇರಿ ಕಡೆಯವನಾದ ನಾನು ಅಲ್ಲಿನ ನೂಲಿನ ಗಿರಣಿಯೊಂದರಲ್ಲಿ ದಾರ ಎಷ್ಟು ಎಳೆದರೆ ಹರಿಯುತ್ತದೆ ಎಂದು ಅಳೆಯುವ ಕೆಲಸದಲ್ಲಿದ್ದೆ. ಹೆಂಡತಿ ಶಾಂತಲಾ ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸು. ಮದುವೆಯಾಗಿ ಎರಡು ವರ್ಷ, ಜೊತೆಗಿದ್ದದ್ದು ಐದು ತಿಂಗಳು. ಉಳಿದ ಸಂಸಾರವೆಲ್ಲ ಸಂಜೆ ಆರಕ್ಕೆ ಇಂಟರ್ನೆಟ್ಟಿನ ಮೇಲೆ, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿಕೊಂಡು ನಡೆಯುತ್ತಿತ್ತು.

ಲ್ಯಾಪ್‌ಟಾಪನ್ನು ಗಿರಣಿ ಬಿಟ್ಟುಹೋಗುತ್ತಿದ್ದ ಎಂಜಿನಿಯರೊಬ್ಬರಿಂದ ಕೊಂಡಿದ್ದೆ. ರುಬ್ಬುಗಲ್ಲಿನ ತೂಕ. ಮುಚ್ಚಳ ತಾನಾಗಿ ನಿಲ್ಲದು, ಬೆನ್ನಿಗೆ ಅವಲಕ್ಕಿ ಡಬ್ಬಿ ಇಡಬೇಕು. ಫೋನ್ ಲೈನಿನಲ್ಲಿ ಇಂಟರ್ನೆಟ್ ಹಿಡಿಯಬೇಕಾದ ಅದರೊಳಗಿನ ಮೋಡೆಮ್ಮಂತೂ ಮೊದಲ ಹತ್ತು ದಿನ ‘ಡಯಲ್ ಟೋನ್ ಇಲ್ಲ’ ಎಂದು ಹಟ ಹಿಡಿಯಿತು. ಫೋನನ್ನು ಕಿವಿಗಿಟ್ಟರೆ ಗುಂಯ್ ಎಂಬ ನಾದ ಸ್ಪಷ್ಟ. ಯಂತ್ರ ಮಾತ್ರ ಕೇಳಿಸಲಿಲ್ಲ ಅನ್ನುತ್ತದೆ. ಮಾರಿದವರ ಮೇಲೆ ಮೊದಲ ಸಂಶಯ ಹುಟ್ಟಿತು. ಕೊನೆಗೆ ತಿಳಿದದ್ದೇನೆಂದರೆ, ಅದು ಬೇರೆ ದೇಶದ ಟೋನಿಗೆ ಕಿವಿ ಪಳಗಿಸಿಕೊಂಡು ಬಂದ ಯಂತ್ರ. ಸೆಟ್ಟಿಂಗಿನಲ್ಲಿ ‘ಟೋನಿಗಾಗಿ ಕಾಯಬೇಕು’ ಎಂಬ ಕಡೆ ಇದ್ದ ಟಿಕ್ ಗುರುತನ್ನು ತೆಗೆದದ್ದೇ ತಡ, ಕಿರುಚಿ, ಕೆಮ್ಮಿ, ಉಸಿರೆಳೆದು ಲೈನು ಹಿಡಿಯಿತು. ಎಂಜಿನಿಯರರಲ್ಲಿ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಆದರೆ ಸಂಶಯದ ರುಚಿ ಹತ್ತಿಬಿಟ್ಟಿತ್ತು.

ಯಾಕೆಂದರೆ ಅದಾದ ತಿಂಗಳಿಗೆ ಹೊಸ ರೋಗ ಶುರುವಾಯಿತು. ಬೆಳಗ್ಗೆ ಪರೀಕ್ಷಿಸಿದರೆ ಲೈನು ಗಟ್ಟಿ. ಸಂಜೆ ಆರಕ್ಕೆ ಕೂತರೆ ಹತ್ತು ನಿಮಿಷಕ್ಕೆ ಪಟ್ಟನೆ ಕಟ್. ಮತ್ತೆ ಹಚ್ಚಿದರೆ ಮತ್ತೆ ಕಟ್. ಏಳರ ನಂತರ ಏನೂ ಆಗದು, ಆದರೆ ಅಷ್ಟರಲ್ಲಿ ಶಾಂತಲಾ ಡ್ಯೂಟಿಗೆ ಹೋಗಿರುತ್ತಿದ್ದಳು. ವೈರು ಬದಲಿಸಿದೆ. ಗೋಡೆಯ ಪೆಟ್ಟಿಗೆ ಬಿಚ್ಚಿ ಅಲ್ಲಿದ್ದ ಹಲ್ಲಿಯನ್ನು ಗಡೀಪಾರು ಮಾಡಿದೆ. ತೋಟಕ್ಕೆ ನೀರು ಹಾಯಿಸುವ ಪಂಪು, ಗಾಳಿ, ಪಕ್ಕದ ವಾಯುಪಡೆ ನೆಲೆಯ ವಿಮಾನ, ಎಲ್ಲವನ್ನೂ ಕಟಕಟೆಗೆ ಹತ್ತಿಸಿ ಇಳಿಸಿದೆ.

ನಮ್ಮ ತರ್ಕಶಾಸ್ತ್ರದ ನೈಯಾಯಿಕರು ಸಂಶಯಕ್ಕೆ ತಮ್ಮ ಹದಿನಾರು ಪದಾರ್ಥಗಳಲ್ಲಿ ಮೂರನೆಯ ಸ್ಥಾನ ಕೊಟ್ಟಿದ್ದಾರೆ. ಮಬ್ಬುಗತ್ತಲಲ್ಲಿ ನಿಂತದ್ದು ಮೋಟುಮರವೋ ಮನುಷ್ಯನೋ ಎಂಬುದು ಅವರ ಉದಾಹರಣೆ. ಹತ್ತಿರ ಹೋಗಿ ನೋಡು ಎಂಬುದು ಅವರ ಪರಿಹಾರ. ನಾನು ಹತ್ತಿರ ಹೋಗಲಿಲ್ಲ. ದೂರದಲ್ಲೇ ನಿಂತು ಅದು ಮನುಷ್ಯನೇ, ಅದೂ ಮನೆಯೊಡತಿ ನಂಜಮ್ಮಾಳೇ ಎಂದು ತೀರ್ಮಾನಿಸಿದೆ.

ನಂಜಮ್ಮಾಳ್ ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರು. ತಲೆಮಾರುಗಳ ಹಿಂದೆ ಬಂದು ನೆಲೆಸಿದ ಬೇಸಾಯದ ಮನೆತನ. ಹೊಸ್ತಿಲ ಒಳಗೆ ಕನ್ನಡ, ಆಚೆಗೆ ತಮಿಳು. ಮನೆಗೆ ಇದ್ದದ್ದು ಒಂದೇ ಲೈನು. ಕೆಳಗೆ ಅವರ ಫೋನು, ಅದರಿಂದಲೇ ಎಳೆದ ತಂತಿ ನನ್ನ ಕೋಣೆಗೆ. ‘ನೀವೇ ವೆಚ್ಚಿಕೊಳ್ಳಿ ತಂಬಿ, ನಂಗ್ಯಾರು ಫೋನ್ ಮಾಡ್ತಾರೆ’ ಎಂದು, ನನ್ನ ಹತ್ತಿರವೇ ಇಟ್ಟುಕೊಳ್ಳಲು ಅವರೇ ಕೊಟ್ಟದ್ದು. ಕೆಳಗೆ ರಿಸೀವರ್ ಎತ್ತಿದರೆ ಮೇಲೆ ನನ್ನ ಮೋಡೆಮ್ ಸಾಯುತ್ತದೆ. ಹಾಗಾದರೆ ದಿನಾ ಆರಕ್ಕೆ ಯಾಕೆ ಎತ್ತುತ್ತಾರೆ? ಗಂಡಹೆಂಡಿರ ಮಾತು ಕದ್ದು ಕೇಳಲು! ಮೋಡೆಮ್ಮಿನ ಕಿರುಚಾಟದಲ್ಲಿ ಯಾರೂ ಏನನ್ನೂ ಕದ್ದು ಕೇಳಲಾರರು ಎಂಬ ಸಣ್ಣ ವಿವೇಕವೂ ನನಗೆ ಹೊಳೆಯಲಿಲ್ಲ.

ಈ ನಡುವೆ ಮಸ್ಕತ್ತಿನಲ್ಲಿ ನನ್ನ ಮೇಲೆಯೇ ಸಂಶಯ ಬೆಳೆಯುತ್ತಿತ್ತು. ಶಾಂತಲಾ ಅಲ್ಲಿ ನನಗೊಂದು ಕೆಲಸ ನೋಡಿದ್ದಳು. ‘ಬರ್ತೀರೋ ಇಲ್ವೋ?’ ಎಂದು ಅವಳು ಕೇಳಿದಾಗಲೆಲ್ಲ ಲೈನು ಕಟ್ಟಾಗುತ್ತಿತ್ತು. ಹಾಗೆ ನಾಲ್ಕನೆಯ ಸಲ ಕಟ್ಟಾದ ಮೇಲೆ ಅವಳ ಪತ್ರ ಬಂತು: ‘ಉತ್ತರ ಕೊಡೋಕೆ ಇಷ್ಟವಿಲ್ದಿದ್ರೆ ಹೇಳಿ. ವೈರ್ ಯಾಕೆ ಕೀಳ್ತೀರಿ?’

ನನಗೆ ರೋಷ ಬಂತು. ಮರುದಿನ ಆರಕ್ಕೆ ಮೋಡೆಮ್ ಹಚ್ಚಿ, ಸದ್ದಾಗದಂತೆ ಚಪ್ಪಲಿ ಕೈಯಲ್ಲಿ ಹಿಡಿದು, ಮೆಟ್ಟಿಲಿಳಿದು ಕೆಳಮನೆಯ ಬಾಗಿಲಲ್ಲಿ ನಿಂತೆ. ನಂಜಮ್ಮಾಳ್ ತಲೆ ಬಾಚಿ, ಒಗೆದ ಸೀರೆಯುಟ್ಟು ಫೋನಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ಎದುರಿನ ಗಡಿಯಾರ ನೋಡಿದರು. ರಿಸೀವರ್ ಎತ್ತಿ ಕಿವಿಗಿಟ್ಟು, ಮುಖ ಹಿಂಡಿ, ಮೆಲ್ಲಗೆ ಇಟ್ಟರು.

“ಯಾರ ಮಾತು ಕೇಳ್ತಾ ಇದೀರಿ ಅಕ್ಕಾ?” ಎಂದೆ, ದನಿಯಲ್ಲಿ ಪೊಲೀಸು ತಂದುಕೊಂಡು.

ಅವರು ಬೆಚ್ಚಿದರು. “ಮಾತೆಲ್ಲಿ ತಂಬಿ? ಒಂದೇ ಕೀಚ್ ಕೀಚ್ ಸತ್ತಂ, ಬರೀ ಸದ್ದು. ಲೈನು ಉಸಿರಾಗಿ ಐತಾ ಅಂತ ಪಾತ್ತೆ, ಅಷ್ಟೇ.”

“ದಿನಾ ಯಾಕೆ ನೋಡ್ಬೇಕು?”

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು. ಕೊನೆಗೆ ಹೇಳಿದರು. ಮಗಳು ಸರಸು ಬೆಟ್ಟದ ಮೇಲಿನ ವಾಲ್ಪಾರೈಯ ಟೀ ಎಸ್ಟೇಟ್ ಶಾಲೆಯಲ್ಲಿ ಟೀಚರು. ಅಲ್ಲಿಯೇ ಒಬ್ಬನನ್ನು ಮೆಚ್ಚಿ ಮದುವೆಯಾದಳು. ತಾಯಿ ಒಂದೂವರೆ ವರ್ಷ ಮಾತು ಬಿಟ್ಟರು. ಈಗ ಮಗಳು ಬಸುರಿ. ಹೋದ ತಿಂಗಳು ನೆಂಟರೊಬ್ಬರು ಬಂದು, ‘ಸರಸು ಶಾಲೆ ಬಿಟ್ಟ ಮೇಲೆ ಅಂಗಡಿ ಫೋನಿಂದ ಆರು ಗಂಟೆಗೆ ಮಾಡ್ತಾಳಂತೆ, ಎತ್ತು’ ಎಂದು ಹೇಳಿಹೋಗಿದ್ದರು. ಅಂದಿನಿಂದ ಫೋನು ಒಮ್ಮೆಯೂ ರಿಂಗಾಗಿರಲಿಲ್ಲ.

ಕೈಯಲ್ಲಿದ್ದ ಚಪ್ಪಲಿಯನ್ನು ಕೆಳಗಿಟ್ಟೆ. ಹೇಗೆ ರಿಂಗಾದೀತು? ಆರಕ್ಕೆ ಸರಿಯಾಗಿ ಲೈನಿನ ಮೇಲೆ ನಾನು ಕೂತಿರುತ್ತಿದ್ದೆ. ಕಟ್ಟಾದರೆ ಮತ್ತೆ ಹಚ್ಚುತ್ತಿದ್ದೆ. ಅಲ್ಲಿ ಆ ಹುಡುಗಿ ಎಂಗೇಜ್ ಸದ್ದು ಕೇಳಿ ವಾಪಸು ಹೋಗುತ್ತಿದ್ದಳು.

“ನನಗೊಂದು ಮಾತು ಹೇಳಬಾರದಿತ್ತಾ ಅಕ್ಕಾ?”

“ಹೇಳಿದ್ರೆ ಯಾಕೆ ಏನು ಅಂತ ಕೇಳ್ತೀರಿ. ಮಗಳು ಮಾತಾಡಲ್ಲ ಅಂತ ಬೇರೆ ಊರವ್ರ ಹತ್ರ ಹೆಂಗೆ ಸೊಲ್ಲೋದು?” ಎಂದರು.

ಮೇಲೆ ಓಡಿ ತಂತಿಯನ್ನು ಕಿತ್ತೆ. ಅಂದು ಫೋನು ಬರಲಿಲ್ಲ. ಮರುದಿನವೂ ಇಲ್ಲ. ಅವಳು ಆಸೆ ಬಿಟ್ಟಳೋ ಏನೋ ಎಂಬ ಹೆದರಿಕೆ ನನಗೆ ಅವರಿಗಿಂತ ಹೆಚ್ಚಾಯಿತು. ಗಿರಣಿಯಲ್ಲಿ ದಾರ ಹರಿಯುವುದನ್ನು ನೋಡಿದರೆ ಸಂಕಟವಾಗುತ್ತಿತ್ತು. ಮೂರನೆಯ ಸಂಜೆ ನಂಜಮ್ಮಾಳ್ ನನಗೂ ಒಂದು ಲೋಟ ಕಾಫಿ ಕೊಟ್ಟು ಎದುರಿಗೆ ಕೂರಿಸಿಕೊಂಡಿದ್ದರು. ಆರೂ ಇಪ್ಪತ್ತಕ್ಕೆ ಫೋನು ರಿಂಗಾಯಿತು. ಅವರು ಎತ್ತಿ ಎರಡೂ ಕೈಯಲ್ಲಿ ಕಿವಿಗೊತ್ತಿಕೊಂಡರು. ಆ ಕಡೆಯ ದನಿ ನನ್ನವರೆಗೂ ಕೇಳಿಸಿತು.

“ಅಮ್ಮಾ, ಕೋಪದಲ್ಲಿ ರಿಸೀವರ್ ಎತ್ತಿ ಪಕ್ಕಕ್ಕೆ ಇಟ್ಟಿದ್ಯಾ ಇಷ್ಟು ದಿನ?”

“ಅಯ್ಯೋ ಕಣ್ಣೇ, ನಾನಿಲ್ಲ! ಮೇಲ್ಮನೆ ತಂಬಿ ಕಂಪ್ಯೂಟರು!” ಎಂದು ನಂಜಮ್ಮಾಳ್ ಕೂಗಿದರು, ಅಳುತ್ತ, ನನ್ನ ಕಡೆ ಬೆರಳು ತೋರಿಸುತ್ತ. ವಾಲ್ಪಾರೈಗೆ ಬೆರಳು ಕಾಣದಿದ್ದರೂ ಆರೋಪಿ ನಾನೇ ಎಂಬುದು ಸಾಬೀತಾಯಿತು. ಕಾಫಿ ಲೋಟ ಹಿಡಿದು ಹೊರಗೆ ಬಂದು ಜಗಲಿಯಲ್ಲಿ ಕೂತೆ. ಒಳಗಿನ ಮಾತು ಮುಕ್ಕಾಲು ಗಂಟೆ ನಡೆಯಿತು. ಈ ಸಲ ಕದ್ದು ಕೇಳಿದವನು ನಾನು.

ಆಮೇಲೆ ಇಂಟರ್ನೆಟ್ಟನ್ನು ಬೆಳಗಿನ ಆರೂವರೆಗೆ ಬದಲಿಸಿಕೊಂಡೆ. ಮಸ್ಕತ್ತಿನಲ್ಲಿ ಆಗ ಐದು. ಶಾಂತಲಾಗೆ ಅಷ್ಟರಲ್ಲಿ ಬೆಳಗಿನ ಪಾಳಿ ಬಂದಿತ್ತು, ಅದು ಡ್ಯೂಟಿಗೆ ಹೊರಡುವ ಮುಂಚಿನ ಹೊತ್ತು. ಮೊದಲ ದಿನವೇ ಲೈನು ಬಂಡೆಯ ಹಾಗೆ ನಿಂತಿತು. ನಂಜಮ್ಮಾಳ ಕಥೆಯನ್ನು ಉದ್ದಕ್ಕೆ ಬರೆದೆ, ನನ್ನ ನಿರ್ದೋಷಿತ್ವವೂ ಅದರಲ್ಲೇ ತಿಳಿಯಲಿ ಎಂದು. ಅವಳು ಎಲ್ಲ ಓದಿ, ‘ಒಳ್ಳೇದಾಯ್ತು. ಬರ್ತೀರೋ ಇಲ್ವೋ?’ ಎಂದು ಕೇಳಿದಳು.

ಕಾದೆ. ಲೈನು ಕಟ್ಟಾಗಲಿಲ್ಲ. ತಂತಿಯನ್ನು ನೋಡಿದೆ, ಭದ್ರವಾಗಿತ್ತು. ಕೆಳಗೆ ಕಿವಿಗೊಟ್ಟೆ, ನಂಜಮ್ಮಾಳ್ ದನದ ಕೊಟ್ಟಿಗೆಯಲ್ಲಿದ್ದರು. ಯಾರಾದರೂ ಆ ರಿಸೀವರನ್ನು ಒಮ್ಮೆ ಎತ್ತಬಾರದೇ ಎಂದು ಜೀವ ಹಾತೊರೆಯಿತು. ಆಗ ಗೊತ್ತಾಯಿತು, ಇಷ್ಟು ದಿನ ಲೈನು ಸತ್ತಾಗಲೆಲ್ಲ ಬೈಯುತ್ತಿದ್ದ ನಾನು ಒಳಗೊಳಗೇ ಎಷ್ಟು ಹಗುರಾಗುತ್ತಿದ್ದೆ ಎಂದು. ವೈರು ಕೀಳದಿದ್ದರೂ ಶಾಂತಲಾಳ ಸಂಶಯ ತೀರ ಸುಳ್ಳಾಗಿರಲಿಲ್ಲ.

‘ಬರೋಕೆ ಭಯ. ಅಲ್ಲಿ ನಾನೇನೂ ಅಲ್ಲದೆ ಹೋಗ್ತೀನಿ ಅಂತ’ ಎಂದು ಕುಟ್ಟಿ, ಮನಸ್ಸು ಬದಲಾಗುವ ಮೊದಲೇ ಕಳಿಸಿದೆ.

ಮೂರು ನಿಮಿಷ ಪರದೆ ಸುಮ್ಮನಿತ್ತು. ಆ ಮೂರು ನಿಮಿಷದಲ್ಲಿ ಜಗತ್ತಿನ ಎಲ್ಲ ಹೆಂಡತಿಯರ ಮೇಲೂ ಒಂದೊಂದು ಸಂಶಯ ಬಂದುಹೋಯಿತು. ಆಮೇಲೆ ಅವಳ ಉತ್ತರ ಬಂತು:

‘ನಂಗೂ ಇಲ್ಲಿ ಹಾಗೇ ಆಗಿದೆ. ಒಬ್ಬಳೇ ಹಾಗಾಗೋದು ಬೇಡ ಅಂತ ಕರೀತಿದ್ದೆ. ಬರೋ ವರ್ಷ ನಾನೇ ಬರ್ತೀನಿ ಬಿಡಿ. ಅಲ್ಲೇ ಇರಿ, ಲೈನ್ ಕಟ್ ಮಾಡಬೇಡಿ, ಹಾಲು ಉಕ್ತಾ ಇದೆ, ಈಗ ಬಂದೆ.’